ಕೇಳಲೇಬೇಕಾದ ಹಾಡು ಯಾವುದು, ಬೇಸರ ತರಿಸಿದ ಟಿವಿ ಯಾವುದು? ಗಡಿನಾಡಿನವರು ಹೇಳಿ

ಪೆರ್ಲ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ವಿಷಯ ಇದು.

ಕಾಸರಗೋಡಿನ ನಮಗೆ ಕನ್ನಡ ಟಿವಿ ಸುಮ್ನೆ ಹೊತ್ತು ಕಳೆಯುವ ಪೆಟ್ಟಿಗೆ ಅಲ್ಲ. ಮನೆಮಾತು ತುಳು ಇರಲಿ, ಹವ್ಯಕ ಇರಲಿ, ಮರಾಠಿ, ಕೊಂಕಣಿ, ಬ್ಯಾರಿ ಏನೇ ಇರಲಿ, ನಮ್ಮಲ್ಲಿ ಎಷ್ಟೋ ಜನ ಓದಿದ್ದು ಕನ್ನಡ ಶಾಲೆಯಲ್ಲಿ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಪೇಟೆಗೆ ಹೋದರೆ ಅಂಗಡಿ ಬೋರ್ಡು ಮಲಯಾಳ, ಬಸ್ಸಿನ ಮೇಲೆ ಬರೆದ ಊರಿನ ಹೆಸರು ಮಲಯಾಳ. ಶಾಲೆಯ ಹೊರಗೆ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಆಟ (ಯಕ್ಷಗಾನ), ಕೂಟ (ವೇಷವಿಲ್ಲದ ತಾಳಮದ್ದಳೆ), ಭಜನೆ, ರೇಡಿಯೋ ಮತ್ತು ಟಿವಿಯಿಂದ. ಹಾಗಾಗಿ ಕನ್ನಡ ಚಾನೆಲ್‌ನಲ್ಲಿ ಏನು ಬರುತ್ತದೆ ಎನ್ನುವುದು ಬೆಂಗಳೂರಿನವರಿಗಿಂತ ನಮಗೆ ಜಾಸ್ತಿ ಮುಖ್ಯ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈಗಿನ ಟಿವಿ ಒಂದು ಹಾಡನ್ನು ಕೊನೆ ತನಕ ಕೇಳಲು ಬಿಡುವುದಿಲ್ಲ. ಹಾಡಿನ ಸ್ಪರ್ಧೆಯ ಒಂದು ಸಂಚಿಕೆ ಗಮನ ಇಟ್ಟು ನೋಡಿ. ಮಗು ಪಲ್ಲವಿ ಎತ್ತಿಕೊಳ್ಳುತ್ತದೆ. ಶ್ರುತಿ ಸರಿಯಾಗಿ ಕೂತಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಕ್ಯಾಮೆರಾ ತೀರ್ಪುಗಾರರ ಮುಖಕ್ಕೆ ಹೋಗುತ್ತದೆ. ಅವರು ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಆಮೇಲೆ ಮಗುವಿನ ಅಮ್ಮನ ಕಣ್ಣೀರು. ಅಳು ಬರಿಸಲಿಕ್ಕೆ ಹಾಡಿನ ಮೇಲೆಯೇ ಬೇರೊಂದು ಪಿಟೀಲಿನ ಸದ್ದು ಹೇರುತ್ತಾರೆ. ಚರಣ ಶುರುವಾಯಿತು ಅನ್ನುವಾಗ ಜಾಹೀರಾತು. ತಿರುಗಿ ಬಂದಾಗ ಹಾಡು ಮುಗಿದಿದೆ, ಚಪ್ಪಾಳೆ ನಡೆಯುತ್ತಿದೆ. ತಬಲಾದವರ ಮುಖ ಒಂದು ಸಲವೂ ಕಾಣುವುದಿಲ್ಲ. ಬರೆದ ಕವಿ ಯಾರು ಅಂತ ಯಾರೂ ಹೇಳುವುದಿಲ್ಲ. ಮಗುವಿನ ಮನೆಯ ಸೋರುವ ಮಾಡು ಮಾತ್ರ ಪೂರ್ತಿ ತೋರಿಸುತ್ತಾರೆ.

ಹಾಗಾದರೆ ಕೇಳಬೇಕಾದದ್ದು ಯಾವುದು? ನಾನು ಮೊದಲು ಹೇಳುವುದು ಬಲಿಪ ನಾರಾಯಣ ಭಾಗವತರ ಪದ್ಯ. ಭಾಗವತರು ಅಂದರೆ ಯಕ್ಷಗಾನದಲ್ಲಿ ಕಥೆಯನ್ನು ಹಾಡುವವರು. 1938ರಲ್ಲಿ ಇಲ್ಲೇ ಪಡ್ರೆಯಲ್ಲಿ ಹುಟ್ಟಿದವರು, 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಅಜ್ಜನೂ ಅದೇ ಹೆಸರಿನ ದೊಡ್ಡ ಭಾಗವತರು. ಕಟೀಲು ಮೇಳದಲ್ಲಿ ದಶಕಗಟ್ಟಲೆ ಹಾಡಿದರು. ಏರು ಶ್ರುತಿ, ಮೈಕಿಲ್ಲದ ಕಾಲದ ಗಂಟಲು. ಪದ್ಯದ ಒಂದಕ್ಷರ ನುಂಗುವುದಿಲ್ಲ. ಕೊನೇ ಸಾಲಿನಲ್ಲಿ ಕೂತವನಿಗೂ ಕಥೆ ಗೊತ್ತಾಗಬೇಕು ಅನ್ನುವ ಹಾಡುಗಾರಿಕೆ ಅದು. ಸಾಲು ಎತ್ತುತ್ತಾರೆ, ಮದ್ದಳೆ ಜೊತೆಗೂಡುತ್ತದೆ, ಸಾಲು ಮತ್ತೊಮ್ಮೆ ಬರುತ್ತದೆ, ಏರಿದಾಗ ಚೆಂಡೆ ಬೀಳುತ್ತದೆ. ಬಿಡ್ತಿಗೆ, ಅಂದರೆ ಪದ್ಯ ಮುಗಿಸುವ ಪೆಟ್ಟು, ಬಾರಿಸಿ ಮುಗಿಸಿದ ಮೇಲೆಯೇ ವೇಷಧಾರಿ ಅರ್ಥಕ್ಕೆ, ಅಂದರೆ ಪದ್ಯವನ್ನು ಮಾತಿನಲ್ಲಿ ಹೇಳಲಿಕ್ಕೆ, ಬಾಯಿ ತೆರೆಯುವುದು. ಅಲ್ಲಿಯ ತನಕ ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ನಿಮ್ಮ ಅಭಿಪ್ರಾಯ ಏನು? ಊರು ಹೇಳಿ, ಕೇಳಬೇಕಾದ ಹಾಡು ಹೇಳಿ, ಟಿವಿಯ ಬೇಸರವನ್ನೂ ಹೇಳಿ.

ಮಂಜೇಶ್ವರದ ಅಕ್ಕ

ಮಾಷ್ಟ್ರೇ, ಆ ಕಣ್ಣೀರಿನ ಪಿಟೀಲು ನನಗೂ ಆಗುವುದಿಲ್ಲ. ಆದರೆ ಟಿವಿ ಯಾವಾಗಲೂ ಹೀಗೇ ಇತ್ತು ಅಂತ ಈಗಿನ ಮಕ್ಕಳು ತಿಳಿದುಕೊಳ್ಳುವುದು ಬೇಡ. ಈಟಿವಿ ಕನ್ನಡದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ‘ಎದೆ ತುಂಬಿ ಹಾಡುವೆನು’ ನಡೆಸಿಕೊಡುತ್ತಿದ್ದರು ನೆನಪಿದೆಯಾ? ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಅವರೇ ಹೇಳುತ್ತಿದ್ದರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಅಕ್ಷರಕ್ಕೆ ಒತ್ತು ಬೇಕು ಅಂತ ಮಕ್ಕಳಿಗೆ ಹಾಡಿ ತೋರಿಸುತ್ತಿದ್ದರು. ತಪ್ಪು ಹೇಳುವಾಗಲೂ ಮಗು ಮುದುಡಿ ಹೋಗುತ್ತಿರಲಿಲ್ಲ. ಸ್ಪರ್ಧೆ ನೋಡಿದವರಿಗೂ ಪಾಠ ಆಗುತ್ತಿತ್ತು. 2020ರ ಸೆಪ್ಟೆಂಬರ್ 25ರಂದು ಅವರು ಹೋದರು. ಆ ಜಾಗ ಈಗಲೂ ಖಾಲಿ ಅನ್ನಿಸುತ್ತದೆ.

ನನಗೆ ಹಾಡಿನ ಸ್ಪರ್ಧೆಗಿಂತ ಸಿಟ್ಟು ಬರುವುದು ಧಾರಾವಾಹಿ ಮತ್ತು ಕಾಮಿಡಿ ಶೋಗಳ ಮೇಲೆ. ಕರಾವಳಿಯ ಮನುಷ್ಯ ಒಬ್ಬ ಬಂದ ಅಂದರೆ ಅವನು ನಗಿಸಲಿಕ್ಕೇ ಬಂದವನು. ‘ಎಂಥ ಮಾರಾಯ್ರೇ’ ಅಂದ ಕೂಡಲೇ ಹಿಂದೆ ನಗುವಿನ ಸದ್ದು. ನಾವು ಸಾವಿನ ಮನೆಯಲ್ಲೂ, ಡಾಕ್ಟರ ಹತ್ತಿರವೂ, ಕೋರ್ಟಿನಲ್ಲೂ ಇದೇ ಕನ್ನಡ ಮಾತಾಡುವವರು. ನನ್ನ ಮಗಳು ಮಂಗಳೂರಿನ ಕಾಲೇಜಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಮೊದಲು ಬದಲಾಯಿಸಿದ್ದು ಮಾತು. ಬಾಯಿ ತೆರೆದರೆ ಎದುರಿನವರು ನಗುತ್ತಾರೆ ಅಂತ. ಆ ನಗು ಅವರಿಗೆ ಟಿವಿ ಕಲಿಸಿಕೊಟ್ಟದ್ದು.

ಬೇರೆ ರೀತಿ ಮಾಡಲು ಸಾಧ್ಯ ಉಂಟು. 2018ರಲ್ಲಿ ರಿಷಬ್ ಶೆಟ್ಟಿ ಅವರು ಕಾಸರಗೋಡಿನ ಸರಕಾರಿ ಶಾಲೆಯ ಬಗ್ಗೆ ಸಿನಿಮಾ ಮಾಡಿದರಲ್ಲ, ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲೂ ನಗು ತುಂಬಾ ಇದೆ. ಆದರೆ ಆ ಮಕ್ಕಳು ಸಿಟ್ಟು ಮಾಡುವುದು, ಹಟ ಹಿಡಿಯುವುದು, ಬೇಸರ ಪಡುವುದು ಎಲ್ಲಾ ನಮ್ಮ ಮಾತಿನಲ್ಲೇ. ಧಾರಾವಾಹಿಯವರಿಗೆ ಇದು ಯಾಕೆ ಆಗುವುದಿಲ್ಲ?

ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಕೋರ್ಟಿನ ವಾದಕ್ಕೆ ಒಂದು ತಲೆಬುಡ ಇತ್ತು. ನಮ್ಮ ಅತ್ತೆ ಅಡುಗೆ ಮುಗಿಸಿ ಅದಕ್ಕಾಗಿ ಕಾದು ಕೂರುತ್ತಿದ್ದರು. ಈಗ ಒಂದು ಬಾಗಿಲು ತೆರೆದರೆ ಎಂಟು ಮುಖಗಳನ್ನು ಒಂದೊಂದಾಗಿ ತೋರಿಸುತ್ತಾರೆ, ಪ್ರತಿ ಮುಖಕ್ಕೂ ಒಂದು ಧಡಾರ್ ಸದ್ದು. ಕಥೆ ಅಲ್ಲೇ ನಿಂತಿರುತ್ತದೆ.

ಕುಂಬಳೆ ಚೆಂಡೆ

ಮಾಷ್ಟ್ರಿಗೆ, ಅಕ್ಕನಿಗೆ ನಮಸ್ಕಾರ. ನಾನು ಚೆಂಡೆ ಕಲಿಯುತ್ತಿರುವ ಹುಡುಗ. ಯಕ್ಷಗಾನದ ಪ್ರಸಂಗ, ಅಂದರೆ ಹಾಡಿನ ಕಥೆ, ಬರೆದ ಪಾರ್ತಿಸುಬ್ಬನ ಊರಿನವನು, ಹಾಗಾಗಿ ಹಳತನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಮಾಷ್ಟ್ರೇ, ಹಾಡಿನ ಸ್ಪರ್ಧೆಯನ್ನು ಪೂರ್ತಿ ತಳ್ಳಿಹಾಕುವುದು ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆಯ ಮಗುವಿಗೆ ಬೇರೆ ಎಲ್ಲಿ ವೇದಿಕೆ ಇದೆ? ಕೇರಳದ ಶಾಲಾ ಕಲೋತ್ಸವದಲ್ಲಿ ಹಾಡಿ ಎ ಗ್ರೇಡ್ ತೆಗೆದುಕೊಂಡ ಹುಡುಗಿಯನ್ನು ಕರ್ನಾಟಕದಲ್ಲಿ ಯಾರೂ ಕೇಳಿರುವುದಿಲ್ಲ. ಟಿವಿಯಲ್ಲಿ ಒಂದು ಸಲ ಬಂದರೆ ಉಡುಪಿಯಿಂದ ಬೀದರ್ ತನಕ ಕೇಳುತ್ತಾರೆ. ಆಮೇಲೆ ಊರಿನ ಜಾತ್ರೆಗೆ ಕರೆಯುತ್ತಾರೆ, ಮರ್ಯಾದೆಯ ಸಂಭಾವನೆ ಕೊಡುತ್ತಾರೆ. ಬಡ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಮಾತು. ಬಲಿಪ ಶೈಲಿ ದೊಡ್ಡದು, ಒಪ್ಪಿದೆ. ಆದರೆ ದಾಮೋದರ ಮಂಡೆಚ್ಚರು ಶಾಸ್ತ್ರೀಯ ರಾಗಗಳನ್ನು ಭಾಗವತಿಕೆಗೆ ತಂದು ಹಾಡಿದ್ದೂ ಅಷ್ಟೇ ಚೆಂದ. ಪದ್ಯದಲ್ಲಿ ರಾಗ ಅರಳುವುದನ್ನು ಕೇಳಬೇಕಾದರೆ ಅವರನ್ನೇ ಕೇಳಬೇಕು. ಹೊಸತು ಬಂದ ಕೂಡಲೇ ಕೆಟ್ಟಿತು ಅನ್ನುವುದಾದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿಗೆ ಆ ರಾಗಗಳೇ ಬರುತ್ತಿರಲಿಲ್ಲ ಅಲ್ವಾ?

ನನ್ನ ಬೇಸರ ಬೇರೆ. ಚೆಂಡೆಯನ್ನು ಟಿವಿಯವರು ಬರೀ ಅಬ್ಬರಕ್ಕೆ ಕರೆಯುತ್ತಾರೆ. ರಾಜಕಾರಣಿ ವೇದಿಕೆಗೆ ಬರುವಾಗ, ಸಿನಿಮಾ ನಟನ ಎಂಟ್ರಿಗೆ, ಡಾನ್ಸ್ ಶೋದ ಕೊನೆಗೆ ಚೆಂಡೆ. ಪಕ್ಕದಲ್ಲಿ ಒಂದು ಕಿರೀಟ ವೇಷ ನಿಲ್ಲಿಸಿ ಕುಣಿಸುತ್ತಾರೆ. ಪದ್ಯ ಇಲ್ಲ, ಕಥೆ ಇಲ್ಲ. ಸಿನಿಮಾ ಹಾಡಿಗೆ ಕುಣಿಯುವ ಆ ವೇಷ ಯಾವ ಪಾತ್ರ ಅಂತ ಕುಣಿಯುವವರಿಗೂ ಹೇಳಲಿಕ್ಕೆ ಆಗುವುದಿಲ್ಲ. ಚೆಂಡೆಯಲ್ಲಿ ಕಷ್ಟದ ಕೆಲಸ ಜೋರು ಬಾರಿಸುವುದಲ್ಲ. ಭಾಗವತರ ಮಾತು ಮುಚ್ಚದ ಹಾಗೆ ಕೆಳಗೆ ಇರುವುದು, ಕರೆದಾಗ ಮಾತ್ರ ಮೇಲೆ ಬರುವುದು. ಅದನ್ನು ಕಲಿಯಲಿಕ್ಕೆ ವರ್ಷಗಳು ಬೇಕು. ಟಿವಿಯಲ್ಲಿ ಅದು ಯಾವತ್ತೂ ಕಾಣುವುದಿಲ್ಲ.

ಪೆರ್ಲ ಮಾಷ್ಟ್ರು

ತಮ್ಮಾ, ಕೊನೆಯ ಪ್ಯಾರಾಕ್ಕೆ ನನ್ನದೊಂದು ದೊಡ್ಡ ಹೌದು. ಮಂಡೆಚ್ಚರ ವಿಷಯದಲ್ಲೂ ತಕರಾರಿಲ್ಲ.

ಮಕ್ಕಳಿಗೆ ವೇದಿಕೆ ಬೇಡ ಅಂತ ನಾನು ಹೇಳಲಿಲ್ಲ. ಆ ವೇದಿಕೆಯಲ್ಲಿ ಮಗು ಹಾಡಿದ ಹಾಡನ್ನು ಪೂರ್ತಿ ಹಾಕಿ ಅಂತ ಕೇಳುತ್ತಿದ್ದೇನೆ. ಒಂದು ಸಿನಿಮಾ ಹಾಡು ಎಷ್ಟು ಉದ್ದ? ನಾಲ್ಕೈದು ನಿಮಿಷ. ಗಂಟೆಗಟ್ಟಲೆ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗ ಇಲ್ಲವಾ? ಎದುರಿನ ಮಾತು, ತಮಾಷೆ, ಹೊಗಳಿಕೆ, ಹಳೆ ಸಂಚಿಕೆಯ ತುಣುಕು ಇದಕ್ಕೆಲ್ಲಾ ಜಾಗ ಉಂಟು. ಮಗು ಅಭ್ಯಾಸ ಮಾಡಿ ತಂದ ಎರಡನೇ ಚರಣಕ್ಕೆ ಇಲ್ಲ. ಇದು ಆ ಮಗುವಿಗೇ ಮಾಡುವ ಅನ್ಯಾಯ.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು ದೇಶಕ್ಕೆಲ್ಲಾ ಗೊತ್ತಿರುವುದು ಅವರ ಸಂವಿಧಾನದ ಕೇಸಿನ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅವರು ಭಾಗವತಿಕೆ ಮಾಡುತ್ತಿದ್ದರು ಅನ್ನುವುದು ಹೊರಗೆ ಎಷ್ಟು ಜನರಿಗೆ ಗೊತ್ತು? 2020ರಲ್ಲಿ ಅವರು ತೀರಿಕೊಂಡಾಗ ಸುದ್ದಿ ಚಾನೆಲ್‌ಗಳಲ್ಲಿ ನಾನು ನೋಡಿದಷ್ಟೂ ಕೇಸಿನ ಮಾತೇ. ಅವರು ಹಾಡಿದ ಒಂದು ಪದ್ಯವನ್ನಾದರೂ ಹಾಕಬಹುದಿತ್ತು.

ಮೊಗ್ರಾಲ್ ಕಡಪ್ಪುರ

ಮಾಷ್ಟ್ರೇ, ನಮ್ಮ ಊರನ್ನೂ ಸೇರಿಸಿ. ಮೊಗ್ರಾಲ್‌ಗೆ ಇಶಲ್ ಗ್ರಾಮ ಅಂತಲೇ ಹೆಸರು, ಇಶಲ್ ಅಂದರೆ ಹಾಡಿನ ಧಾಟಿ. ಕೇರಳದ ಮುಸ್ಲಿಮರ ಹಾಡಾದ ಮಾಪ್ಪಿಳ ಪಾಟ್ಟು ಕಟ್ಟಿದವರು, ಹಾಡಿದವರು ಇಲ್ಲಿ ತಲೆಮಾರುಗಳಿಂದ ಇದ್ದಾರೆ. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು, ಮನೆಯಲ್ಲಿ ಹಾಡು ಅರಬಿ ಮಲಯಾಳದ್ದು, ಅಂದರೆ ಅರಬಿ ಲಿಪಿಯಲ್ಲಿ ಬರೆಯುವ ಮಲಯಾಳ.

ಕೊಂಡೋಟಿಯ ಮೊಯಿನ್‌ಕುಟ್ಟಿ ವೈದ್ಯರ ಹಾಡುಗಳನ್ನು ಕನ್ನಡದವರೂ ಒಮ್ಮೆ ಕೇಳಬೇಕು. 1852ರಲ್ಲಿ ಹುಟ್ಟಿ 1892ರಲ್ಲಿ ತೀರಿದವರು. ಪ್ರವಾದಿಯವರ ಕಾಲದ ಬದ್ರ್ ಯುದ್ಧದ ಕಥೆಯನ್ನು ಪೂರ್ತಿ ಹಾಡಿನಲ್ಲಿ ಕಟ್ಟಿದ್ದಾರೆ. ಕುದುರೆ ಓಡುವಾಗ ಒಂದು ಇಶಲ್, ದುಃಖಕ್ಕೆ ಇನ್ನೊಂದು. ಕಂಬಿ, ಕಳುತ್ತು ಅಂತ ಪ್ರಾಸದ ಲೆಕ್ಕ ಇದೆ. ಶಾಲೆಯಲ್ಲಿ ಷಟ್ಪದಿಯ ಆದಿಪ್ರಾಸ ಕಲಿಸುವಾಗ ನನಗೆ ಕೂಡಲೇ ಅರ್ಥ ಆಗಿದ್ದು ಮನೆಯಲ್ಲಿ ಇದನ್ನು ಕೇಳಿದ್ದರಿಂದ.

ಟಿವಿ ವಿಷಯದಲ್ಲಿ ಮಲಯಾಳ ಚಾನೆಲ್‌ಗಳೂ ಬೇರೆ ಅಲ್ಲ. ಮಾಪ್ಪಿಳ ಪಾಟ್ಟಿನ ಸ್ಪರ್ಧೆ ಅಂತ ಇಡುತ್ತಾರೆ, ಹಿಂದೆ ಕೀಬೋರ್ಡ್, ಡ್ರಮ್ಸ್ ತುಂಬುತ್ತಾರೆ. ಕೈತಾಳದ ಸದ್ದು ಮುಳುಗಿ ಹೋಗುತ್ತದೆ. ಮದುವೆಯ ಹಾಡುಕುಣಿತವಾದ ಒಪ್ಪನದಲ್ಲಿ ಹಾಡಿನ ಜೀವ ಇರುವುದೇ ಆ ಕೈಯ ಪೆಟ್ಟಿನಲ್ಲಿ, ಕೋಲ್ಕಳಿಯಲ್ಲಿ ಕೋಲಿನ ಪೆಟ್ಟಿನಲ್ಲಿ. ಮದುವೆ ಮನೆಯಲ್ಲಿ ಹೆಂಗಸರು ಕೂತು ಹಾಡುವಾಗ ಕೇಳಿ, ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಜತ್ ತಾಲೂಕಿನವ

ನಮಸ್ಕಾರ್ರೀ ಎಲ್ಲರಿಗೂ. ನಮ್ಮದು ಸಾಂಗ್ಲಿ ಜಿಲ್ಲೆ, ಮಹಾರಾಷ್ಟ್ರ. ಊರಾಗ ಮಾತು ಕನ್ನಡ, ಆಫೀಸಿನಾಗ ಮರಾಠಿ. ಮಾಷ್ಟ್ರ ಮೊದಲ ಪೋಸ್ಟ್ ಓದಿದಾಗ ನಮ್ಮ ಊರಿನ ಸುದ್ದಿನೇ ಬರೆದಂಗ ಆತು.

ನಮ್ಮ ಕಡೆ ಕೇಳಬೇಕಾದದ್ದು ಹರದೇಶಿ ನಾಗೇಶಿ ಪದ. ಜಾತ್ರೆಯಲ್ಲಿ ರಾತ್ರಿ ಪೂರಾ ನಡೆಯುತ್ತದೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ? ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಹಾಕಿ ಕೂರುತ್ತದೆ. ಇನ್ನೊಂದು ಮೇಳ ಎದ್ದು ಪುರಾಣದಿಂದ ಆಧಾರ ತೆಗೆದು ಹಾಡಿನಲ್ಲೇ ಉತ್ತರ ಕೊಡಬೇಕು. ಕೈಯಲ್ಲಿ ದಪ್ಪು, ತಾಳ, ತುಂತುಣಿ. ಉತ್ತರ ಸರಿಯಾಗಿ ಬಂದರೆ ಕೂತ ಜನ ಎದ್ದು ಬಂದು ನೋಟು ಕೊಡುತ್ತಾರೆ. ಉತ್ತರ ಜಾರಿಸಿದರೆ ಮುಂದಿನ ಸಾಲಿನ ಮುದುಕರೇ ಹಿಡಿದು ಕೇಳುತ್ತಾರೆ.

ನಿಮ್ಮ ತಾಳಮದ್ದಳೆಯೂ ಹಿಂಗೇ ಅಂತ ಕೇಳಿದೀನಿ. ಈಗ ಟಿವಿಯಲ್ಲಿ ರಾತ್ರಿ ಒಂಬತ್ತರ ಚರ್ಚೆ ನೋಡ್ರಿ. ಆರು ಮಂದಿ ಒಮ್ಮೆಲೇ ಒದರುತ್ತಾರೆ. ನಿರೂಪಕರು ಎಲ್ಲರಿಗಿಂತ ಜೋರು. ಪ್ರಶ್ನೆಗೆ ಉತ್ತರ ಬಂತೋ ಇಲ್ಲೋ ಯಾರಿಗೂ ಬೇಕಾಗಿಲ್ಲ. ವಾದ ಅಂದರೇನು ಅಂತ ನಮ್ಮ ಹಳ್ಳಿ ಹಾಡುಗಾರರಿಗೆ ಗೊತ್ತದ. ಎದುರಿನವರ ಪದ ಪೂರ್ತಿ ಕೇಳಬೇಕು, ಇಲ್ಲಂದರೆ ಉತ್ತರ ಕಟ್ಟಲಿಕ್ಕೇ ಬರೋದಿಲ್ಲ. ಟಿವಿಯ ಬಗ್ಗೆ ನನ್ನ ದೊಡ್ಡ ಬೇಸರ ಇದೇ.

ಕಾಞಂಗಾಡ್ ಬಾಡಿಗೆ ಮನೆ

ಒಳ್ಳೆ ಟಿವಿ, ಕೆಟ್ಟ ಟಿವಿ ಅನ್ನುವ ಮೊದಲು ಕನ್ನಡ ಟಿವಿ ಸಿಗಬೇಕಲ್ಲ. ಚಂದ್ರಗಿರಿ ಹೊಳೆ ದಾಟಿದರೆ ಕೇಬಲ್‌ನವರಿಗೆ ಕನ್ನಡ ಗಿರಾಕಿ ಅಂದರೆ ಬೆರಳೆಣಿಕೆ. 2019ರ ಫೆಬ್ರವರಿಯಲ್ಲಿ ಟಿವಿ ದರ ನಿಯಂತ್ರಿಸುವ ಕೇಂದ್ರ ಸಂಸ್ಥೆ ಟ್ರಾಯ್‌ನ ಹೊಸ ದರ ನಿಯಮ ಜಾರಿಯಾದಾಗ 130 ರೂಪಾಯಿ ಮತ್ತು ತೆರಿಗೆಗೆ 100 ಚಾನೆಲ್, ಪೇ ಚಾನೆಲ್‌ಗೆ ಬೇರೆ ದುಡ್ಡು ಅಂತಾಯಿತು. ನಮ್ಮ ಕೇಬಲ್‌ನ ಪ್ಯಾಕ್ ಪೂರ್ತಿ ಮಲಯಾಳದ ಲೆಕ್ಕದಲ್ಲಿ ಕಟ್ಟಿದ್ದು. ಕನ್ನಡದ್ದು ಒಂದೊಂದೇ ಹೇಳಿ ಸೇರಿಸಬೇಕು. ಎಷ್ಟೋ ಮನೆಯವರು ಬೇಡ ಅಂತ ಬಿಟ್ಟೇ ಬಿಟ್ಟರು.

ನಾನು ಡಿಡಿ ಫ್ರೀ ಡಿಶ್ ಹಾಕಿಸಿದೆ. ತಿಂಗಳ ಬಾಡಿಗೆ ಇಲ್ಲ, ದೂರದರ್ಶನದ ಚಂದನ ಬರುತ್ತದೆ. ಅದರಲ್ಲಿ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಇದೆ. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದದ್ದು. ಸರಿ ಉತ್ತರಕ್ಕೆ ಪುಸ್ತಕ ಬಹುಮಾನ. ಕಿರುಚಾಟ ಇಲ್ಲ, ಅಳು ಇಲ್ಲ. ನನ್ನ ಹುಡುಗ ಮಲಯಾಳ ಮೀಡಿಯಂ, ಆದರೂ ಪ್ರಶ್ನೆ ಬಂದ ಕೂಡಲೇ ಕನ್ನಡದಲ್ಲಿ ಉತ್ತರ ಕೂಗುತ್ತಾನೆ. ಚಂದನದ ಸೆಟ್ಟು, ಲೈಟು ಮಂಕು ಅಂತ ಕೆಲವರು ಹೇಳುತ್ತಾರೆ. ಇರಬಹುದು. ನನಗೆ ಅಲ್ಲಿ ಮಾತು ಕೇಳಿಸುತ್ತದೆ, ಅಷ್ಟು ಸಾಕು.

ಹೊಸೂರು ಕನ್ನಡತಿ

ಕೃಷ್ಣಗಿರಿ ಜಿಲ್ಲೆಯಿಂದ ನನ್ನದೂ ಒಂದು ಮಾತು. ನಮಗೆ ಬೆಂಗಳೂರು ಹತ್ತಿರ, ಹಾಗಾಗಿ ಆಕಾಶವಾಣಿಯ ಅಮೃತವರ್ಷಿಣಿ 100.1ರಲ್ಲಿ ಸಿಗುತ್ತದೆ. ಪೂರ್ತಿ ಶಾಸ್ತ್ರೀಯ ಸಂಗೀತ. ಬೆಳಗ್ಗೆ ಅಡುಗೆಮನೆಯಲ್ಲಿ ಅದನ್ನೇ ಹಾಕಿರುತ್ತೇನೆ. ರೇಡಿಯೋದವರ ಒಂದು ಒಳ್ಳೆ ಗುಣ ನೋಡಿ. ಹಾಡು ಹಾಕುವ ಮೊದಲು ಹಾಡುವವರು, ರಾಗ, ತಾಳ, ರಚನೆ ಎಲ್ಲಾ ಹೇಳುತ್ತಾರೆ. ಪಿಟೀಲು, ಮೃದಂಗದವರ ಹೆಸರೂ ಬರುತ್ತದೆ. ನಾನು ಸಂಗೀತ ಪಾಠಕ್ಕೆ ಹೋದವಳಲ್ಲ. ಮೋಹನ, ಕಲ್ಯಾಣಿ ಅಂತ ಗುರುತು ಹಿಡಿಯಲು ಬಂದದ್ದು ಆ ಪ್ರಕಟಣೆ ಕೇಳಿ ಕೇಳಿಯೇ.

ಭಾವಗೀತೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಅಪ್ಪ ಹೊಸೂರಿನ ಕಾರ್ಖಾನೆಯಿಂದ ಬಂದು ರಾತ್ರಿ ಹಾಕುತ್ತಿದ್ದರು. ತಮಿಳು ಶಾಲೆಯಲ್ಲಿ ಓದಿದ ನನಗೆ ಕನ್ನಡ ಕವಿತೆ ಬಾಯಿಪಾಠ ಆದದ್ದು ಹಾಗೆ. ಆಮೇಲೆ ಸಿ. ಅಶ್ವತ್ಥ್ ಅವರ ಗಂಟಲಿನಲ್ಲಿ ಶರೀಫರ ಪದಗಳು. ಅವರು ಒಂದು ಶಬ್ದ ಹಿಡಿದು ಎಳೆದರೆ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ.

ಟಿವಿ ಸ್ಪರ್ಧೆಗಳಲ್ಲಿ ಭಾವಗೀತೆಗೆ ಒಂದು ವಾರ ಕೊಟ್ಟರೆ ಹೆಚ್ಚು. ಆ ವಾರವೂ ಹಿಂದೆ ಗಿಟಾರ್, ಹೊಗೆ, ಲೈಟು. ಕವಿತೆ ಕಿವಿಗೆ ಬೀಳುವುದೇ ಇಲ್ಲ.

ಮಾಷ್ಟ್ರೇ, ಒಂದು ಕೇಳುವುದಿತ್ತು. ನನಗೆ ಯಕ್ಷಗಾನ ಗೊತ್ತಿಲ್ಲ. ನೀವೆಲ್ಲಾ ಬರೆದದ್ದು ಓದಿ ಕೇಳಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ?

ಕುಂಬಳೆ ಚೆಂಡೆ

ಅಕ್ಕಾ, ಮೊಬೈಲಿನಲ್ಲಿ ಬರುವ ಅರ್ಧ ನಿಮಿಷದ ತುಣುಕುಗಳಿಂದ ಮಾತ್ರ ಶುರು ಮಾಡಬೇಡಿ. ಅವುಗಳಲ್ಲಿ ಬರೀ ಏರು ಪದ್ಯ, ಗಿರಕಿ, ಅಬ್ಬರ. ಆಟ ಅಂದರೆ ಅಷ್ಟೇ ಅಂತ ತಪ್ಪು ತಿಳಿಯುತ್ತೀರಿ. ಯೂಟ್ಯೂಬ್‌ನಲ್ಲಿ ಇಡೀ ರಾತ್ರಿಯ ಆಟವೇ ಇದೆ, ನೇರ ಪ್ರಸಾರವೂ ಬರುತ್ತದೆ. ಟಿವಿ ಮಾಡದ ಕೆಲಸವನ್ನು ನಮ್ಮ ಕಡೆಯ ಹುಡುಗರು ಕ್ಯಾಮೆರಾ ಹೊತ್ತು ಗದ್ದೆಯಲ್ಲಿ ನಿಂತು ಮಾಡುತ್ತಿದ್ದಾರೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ದೀಪಾವಳಿ ಕಳೆದ ಮೇಲೆ ಮತ್ತೆ ಹೊರಡುತ್ತವೆ. ಆಗ ಒಮ್ಮೆ ಈ ಕಡೆ ಬನ್ನಿ.

ಪೆರ್ಲ ಮಾಷ್ಟ್ರು

ಹೊಸೂರಿನ ತಂಗಿ, ನಾನಾದರೆ ಆಟಕ್ಕಿಂತ ಮೊದಲು ಕೂಟ ಕೇಳಿ ಅನ್ನುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ, ಹಾಡು ಮತ್ತು ಮಾತು ಮಾತ್ರ. ನಿಮಗೆ ರೇಡಿಯೋ ಕೇಳಿ ಅಭ್ಯಾಸ ಇದೆ, ಕಷ್ಟ ಆಗುವುದಿಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು, ನಮ್ಮ ಮನೆಗಳಲ್ಲಿ ತಾಳಮದ್ದಳೆ ಕೇಳಿದ್ದು ಜಾಸ್ತಿ ಅದರಿಂದಲೇ.

ಕೂಟದಲ್ಲಿ ಅರ್ಥ ಹೇಳುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಪಾತ್ರವನ್ನು ಹುಡುಕಿ. 1918ರಲ್ಲಿ ಕುಂಬಳೆ ಸೀಮೆಯಲ್ಲಿ ಹುಟ್ಟಿದವರು, 2006ರಲ್ಲಿ ತೀರಿಕೊಂಡರು. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಭಾಗ ಬರುತ್ತದೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಅಂತ. ಮಾತು ಜೋರಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿಸಿ ರಾಮನನ್ನು ಉತ್ತರ ಕೊಡಲೇಬೇಕಾದ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಜತ್ತಿನ ಅಣ್ಣನವರಿಗೂ ಇದು ಖಂಡಿತ ಹಿಡಿಸುತ್ತದೆ.

ಕೇಳುವಾಗ ಪ್ರಸಂಗದ ಪುಸ್ತಕ ಹತ್ತಿರ ಇಟ್ಟುಕೊಳ್ಳಿ. ಪಾರ್ತಿಸುಬ್ಬನ ವಾಲಿ ಸುಗ್ರೀವರ ಕಾಳಗ ಸಣ್ಣ ಪ್ರಸಂಗ, ಪದ್ಯ ಸುಲಭ. ಮೊದಲು ಪದ್ಯವನ್ನು ಓದಿಕೊಳ್ಳಿ, ಆಮೇಲೆ ಭಾಗವತರು ಅದನ್ನು ಹಾಡುವುದನ್ನು ಕೇಳಿ, ಆಮೇಲೆ ಅರ್ಥ. ಹಳೆಯ ಕ್ಯಾಸೆಟ್‌ನಿಂದ ಇಳಿಸಿದ್ದು ಸಿಕ್ಕಿದರೆ ಸದ್ದು ಸ್ವಲ್ಪ ಕರಕರ ಅನ್ನುತ್ತದೆ. ಹೆಡ್‌ಫೋನ್ ಹಾಕಿ.

ಹೊಸೂರು ಕನ್ನಡತಿ

ವಾಲಿ ಸಿಕ್ಕಿತು ಮಾಷ್ಟ್ರೇ. ಮೂರು ಗಂಟೆಯ ಮೇಲಿದೆ. ಇವತ್ತು ರಾತ್ರಿ ಶುರು ಮಾಡುತ್ತೇನೆ, ಗೊತ್ತಾಗದ ಪದ ಬಂದರೆ ಇಲ್ಲೇ ಕೇಳುತ್ತೇನೆ.

ಜತ್ ತಾಲೂಕಿನವ

ಅಕ್ಕಾರ, ಲಿಂಕ್ ನನಗೂ ಹಾಕ್ರಿ. ನಮ್ಮ ಊರ ಜಾತ್ರೆಯ ಹರದೇಶಿ ನಾಗೇಶಿ ಪದ ಮೊಬೈಲಿನಲ್ಲಿ ಹಿಡಿದದ್ದು ಅದ. ನಾಳೆ ಇಲ್ಲಿ ಹಾಕ್ತೀನಿ, ಪ್ರಶ್ನೆ ಮತ್ತು ಉತ್ತರ ಎರಡೂ ಪೂರಾ.